ಅಡ್ರಿಯಾನೋಪಲ್ ಯುದ್ಧಕ್ಕೆ ಸದ್ದು ಕೊಟ್ಟವರು

ಕಳೆದ ತಿಂಗಳು ಬಾನುಲಿ ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಗೆ ಬಂದಿದ್ದರು. ಮಾತಿನ ನಡುವೆ ಅವರಲ್ಲೊಬ್ಬಳು, "ಮೇಡಂ, ಈಗ ನಾವ್ ಒಂದು ಬಟನ್ ಒತ್ತಿದ್ರ ಸಾವಿರ ಕುದುರಿ ಓಡ್ತಾವ. ನಿಮ್ಮ ಕಾಲದಾಗ ಯುದ್ಧ ಹ್ಯಾಂಗ್ ಮಾಡ್ತಿದ್ರಿ?" ಎಂದು ಕೇಳಿದಳು. ಚಹಾ ಆರಿಹೋಗುವವರೆಗೆ ಹೇಳಿದೆ. ಅವರಿಗೆ ಡ್ಯೂಟಿಗೆ ಹೊತ್ತಾಯಿತು, ಎದ್ದು ಹೋದರು. ಹೇಳಲು ಉಳಿದದ್ದನ್ನು ಕೇಂದ್ರಕ್ಕೆ ಹೊಸದಾಗಿ ಬಂದ ನಿಮ್ಮಂಥವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎಂಬುದರಿಂದ ನಿಮಗೆ ಆಗಬೇಕಾದದ್ದು ಏನೂ ಇಲ್ಲ. ನಾಟಕ ವಿಭಾಗದಲ್ಲಿ ನಾನು ಮಾಡಿಸಿದ ನೂರಾರು ಕಾರ್ಯಕ್ರಮಗಳಲ್ಲಿ ಒಂದರ ಕಥೆ ಹೇಳಿದರೆ ಕೆಲಸ ಹೇಗಿತ್ತೆಂದು ಗೊತ್ತಾದೀತು.

ಟೇಪು ಹೋಗಿ ಕಂಪ್ಯೂಟರ್ ಬರುವುದಕ್ಕೆ ಮೊದಲಿನ ಮಾತು. ಮಧ್ಯಾಹ್ನ ಕಾಲೇಜು ಮಕ್ಕಳಿಗಾಗಿ ಒಂದು ಕಾರ್ಯಕ್ರಮ ಇರುತ್ತಿತ್ತು. ಪದವಿ ತರಗತಿಯಲ್ಲಿ ಯುರೋಪಿನ ಇತಿಹಾಸ ಓದುವವರಿಗೆ ರೋಮ್ ಸಾಮ್ರಾಜ್ಯದ ಕೊನೆಗಾಲದ ಪಾಠ ಕಬ್ಬಿಣದ ಕಡಲೆಯಾಗಿದೆ, ಅದನ್ನು ನಾಟಕವಾಗಿ ಕೊಡಿ ಎಂದು ಮೇಲಿನಿಂದ ಸೂಚನೆ ಬಂತು. ಬರೆಯಲು ಒಪ್ಪಿಕೊಂಡವರು ಕಮಲಾಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಶಿವಶರಣಪ್ಪ ಸರ್. ಮನೆ ಕಲಬುರಗಿಯ ಶರಣಸಿರಸಗಿಯಲ್ಲಿ. ದಿನಾ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ ಬರುತ್ತಿದ್ದರು. ಬಸ್ಸಿನಲ್ಲಿ ನಿಂತುಕೊಂಡೇ ಓದಿ ಓದಿ ಕನ್ನಡಕ ದಪ್ಪವಾಗಿತ್ತು.

ಅವರು ತಂದುಕೊಟ್ಟ ಮೊದಲ ಕಂತು ನಾಟಕವಾಗಿರಲಿಲ್ಲ, ಪಾಠವಾಗಿತ್ತು. ಒಬ್ಬ ಸೈನಿಕ ಇನ್ನೊಬ್ಬನಿಗೆ, "ಗೆಳೆಯಾ, ಹೂಣರು ಪೂರ್ವದಿಂದ ನುಗ್ಗಿದ ಕಾರಣ ಗಾತ್ ಜನಾಂಗ ಡ್ಯಾನ್ಯೂಬ್ ನದಿಯ ಉತ್ತರ ದಂಡೆಗೆ ಬಂದು ಆಶ್ರಯ ಬೇಡಿದ್ದು ನಿನಗೆ ತಿಳಿದೇ ಇದೆ" ಎನ್ನುತ್ತಿದ್ದ. ತಿಳಿದೇ ಇದ್ದರೆ ಹೇಳುವುದೇಕೆ? ನಾನೂ ಆಗ ವಿಚಾರ ಮಾಡಲಿಲ್ಲ. ಪಾತ್ರಧಾರಿಗಳನ್ನು ಕರೆದೆ, ರೆಕಾರ್ಡ್ ಮಾಡಿದೆ. ಪ್ರಸಾರಕ್ಕೆ ಮೊದಲು ಹುಡುಗಿಯರ ಒಂದು ಹಾಸ್ಟೆಲ್ಲಿಗೆ ಹೋಗಿ ಟೇಪ್ ರೆಕಾರ್ಡರ್ ಇಟ್ಟು ಕೇಳಿಸಿದೆ. ಹತ್ತು ನಿಮಿಷಕ್ಕೆ ಮುಂದಿನ ಸಾಲಿನವರು ಆಕಳಿಸಿದರು. ಹಿಂದಿನ ಸಾಲಿನವರು ಆಗಲೇ ಮಲಗಿದ್ದರು.

ಮರುದಿನ ಶಿವಶರಣಪ್ಪ ಸರ್ ಬಂದಾಗ ನಡೆದದ್ದನ್ನು ಹೇಳಿದೆ. ಅವರಿಗೆ ಬೇಸರವಾಯಿತು.

"ಎಲ್ಲಾ ಖರೇನೇ ಬರದೀನ್ರೀ ಮೇಡಂ. ಒಂದು ಸುಳ್ಳಿಲ್ಲ."

"ಸುಳ್ಳಿಲ್ರೀ ಸರ್. ಆದ್ರ ಯಾರಿಗೂ ಹಸಿವಿ ಇಲ್ಲ ಇದ್ರಾಗ. ನದಿ ದಂಡಿಗೆ ಬಂದವ್ರು ಏನ್ ತಿಂದ್ರು?"

ಆಗ ಅವರು, ಸ್ಕ್ರಿಪ್ಟಿನಲ್ಲಿ ಬರೆಯದೆ ಬಿಟ್ಟದ್ದನ್ನು ಹೇಳಲು ಶುರು ಮಾಡಿದರು. ರೋಮಿನ ಪೂರ್ವ ಭಾಗದ ಚಕ್ರವರ್ತಿ ವಾಲೆನ್ಸ್ ಆ ಜನಕ್ಕೆ ನದಿ ದಾಟಲು ಅಪ್ಪಣೆ ಕೊಟ್ಟ. ಮಳೆಗೆ ನದಿ ತುಂಬಿತ್ತು. ದೋಣಿ, ತೆಪ್ಪ, ಕೊರೆದ ಮರದ ದಿಮ್ಮಿ, ಸಿಕ್ಕಿದ್ದರ ಮೇಲೆ ಕೂತು ದಾಟಿದರು. ಬಹಳ ಮಂದಿ ಮುಳುಗಿದರು. ಈಚೆ ಬಂದ ಮೇಲೆ ಗಡಿಯ ರೋಮನ್ ಅಧಿಕಾರಿಗಳು ಅವರಿಗೆ ಬಂದ ಧಾನ್ಯವನ್ನು ತಡೆದು ನಾಯಿಯ ಮಾಂಸ ಮಾರಿದರು. ಒಂದು ನಾಯಿಗೆ ಒಂದು ಮಗು. ತಾಯಿ ತಂದೆ ಮಗುವನ್ನು ಗುಲಾಮಗಿರಿಗೆ ಕೊಟ್ಟು ನಾಯಿಯನ್ನು ತಗೊಂಡು ಹೋಗುತ್ತಿದ್ದರು.

"ಇದನ್ನ ಬರೀರಿ ಸರ್" ಎಂದೆ.

ಅವರು ಬರೆದರು. ಅಂದಿನಿಂದ ನಮ್ಮ ಸರಣಿ ಜೀವ ಹಿಡಿಯಿತು. ನೀವು ಚಾರಿತ್ರಿಕ ನಾಟಕ ಮಾಡಿಸುವಾಗ ಇಷ್ಟು ನೆನಪಿಟ್ಟುಕೊಳ್ಳಿ: ಪಾತ್ರಗಳು ತಮಗೆ ಗೊತ್ತಿರುವುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರೆ ಕೇಳುವವರು ಎದ್ದು ಹೋಗುತ್ತಾರೆ.

ಆಗ ನಮ್ಮ ಕೇಂದ್ರದ ನಿರ್ದೇಶಕರು ರಾಮಚಂದ್ರ ರಾಯರು. ಮೈಸೂರು ಕಡೆಯವರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಅಷ್ಟೇ ಇಸ್ತ್ರಿ ಹಾಕಿದ ಮಾತು. ಹೊಸ ಸ್ಕ್ರಿಪ್ಟ್ ಓದಿ ನನ್ನನ್ನು ಕರೆಸಿದರು.

"ಸುವರ್ಣಾ ಅವರೇ, ಇದು ಮಧ್ಯಾಹ್ನ ಊಟದ ಹೊತ್ತಿನ ಕಾರ್ಯಕ್ರಮ. ನಾಯಿ ಮಾಂಸ ಬೇಕಾ?"

"ಬೇಕ್ರೀ ಸರ್. ಆ ನಾಯಿ ಇಲ್ದಿದ್ರ ಅವ್ರು ಯಾಕ ದಂಗೆ ಎದ್ರು ಅನ್ನೋದು ಗೊತ್ತಾಗೂದಿಲ್ಲ."

ಅವರು ಪೆನ್ನಿನ ತುದಿಯಿಂದ ಮೇಜನ್ನು ಕುಟ್ಟಿದರು. "ಸರಿ. ಆದರೆ ಒಮ್ಮೆ ಮಾತ್ರ ಹೇಳಿಸಿ. ಎರಡನೇ ಸಲ ಹೇಳಿದರೆ ಕೇಳುವವರು ನಮ್ಮನ್ನು ಬೈತಾರೆ, ರೋಮನ್ನರನ್ನಲ್ಲ." ಅದು ಸರಿಯಾದ ಮಾತಾಗಿತ್ತು. ಒಮ್ಮೆ ಹೇಳಿಸಿದ್ದಕ್ಕೇ ಆ ಮಾತು ನಿಂತಿತು.

ಇನ್ನು ಸದ್ದಿನ ವಿಚಾರ. ಡ್ಯಾನ್ಯೂಬ್ ನದಿಗೆ ನೀರಿನ ಸದ್ದು ಬೇಕಿತ್ತು. ಶಿವಶರಣಪ್ಪ ಸರ್ ಪರಿಚಯದ ಒಬ್ಬ ರೈತರ ಹೊಲದಲ್ಲಿ, ಕಮಲಾಪುರದ ಹತ್ತಿರ, ಮೆಟ್ಟಿಲಿದ್ದ ದೊಡ್ಡ ಬಾವಿ ಇತ್ತು. ನಮ್ಮ ಎಂಜಿನಿಯರ್ ಸಂಗಮೇಶನನ್ನು ಕರೆದುಕೊಂಡು ಹೋದೆ. ನೀರಿಗೆ ಇಳಿದು ಕೈಕಾಲು ಬಡಿದು, ಕೊಡ ಮುಳುಗಿಸಿ, ಬಾಳೆ ದಿಂಡು ಎಸೆದು ಅರ್ಧ ದಿನ ರೆಕಾರ್ಡ್ ಮಾಡಿದೆವು. ಇಬ್ಬರಿಗೂ ಬಹಳ ಹೆಮ್ಮೆ. ಸ್ಟುಡಿಯೊದಲ್ಲಿ ಹಾಕಿ ಕೇಳಿದ ರಾಯರು, "ಡ್ಯಾನ್ಯೂಬ್ ನದೀನೋ, ಕೊಡದೊಳಗಿನ ನೀರೋ?" ಎಂದರು. ಬಾವಿಯ ಗೋಡೆ ಪ್ರತಿ ಸದ್ದನ್ನೂ ಮರಳಿಸುತ್ತಿತ್ತು. ನದಿಗೆ ಗೋಡೆ ಎಲ್ಲಿರುತ್ತದೆ? ಕೊನೆಗೆ ಕೇಂದ್ರದ ಹಿತ್ತಲಿನ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ ಅದನ್ನೇ ಕಲಕಿದೆವು. ಬಯಲಿನಲ್ಲಿಟ್ಟ ಟಬ್ಬು ನದಿಯಾಯಿತು.

ಗಾತರು ಯುದ್ಧಕ್ಕೆ ನಿಂತಾಗ ತಮ್ಮ ಬಂಡಿಗಳನ್ನು ಚಕ್ರಾಕಾರ ನಿಲ್ಲಿಸಿ ಕೋಟೆ ಮಾಡಿಕೊಳ್ಳುತ್ತಿದ್ದರು. ಹೆಂಗಸರು ಮಕ್ಕಳು ಅದರೊಳಗೆ. ಆ ಬಂಡಿಗಳ ಸದ್ದಿಗಾಗಿ ಅದೇ ರೈತರಿಗೆ ಮೊದಲೇ ಹೇಳಿ ಕಳಿಸಿದ್ದೆವು. ನಾವು ಹೋಗುವಷ್ಟರಲ್ಲಿ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಬಂಡಿ ಸಿದ್ಧವಾಗಿತ್ತು. ಓಡಿಸಿದರೆ ಸದ್ದೇ ಇಲ್ಲ.

"ಗಾಲಿ ಕಿರಗುಟ್ಟಬೇಕಲ್ರೀ ಅಣ್ಣಾ?" ಎಂದೆ.

"ನಿನ್ನಿನೇ ಎಣ್ಣಿ ಬಿಟ್ಟೀನ್ರೀ ಅಕ್ಕಾರ. ರೇಡಿಯೋದಾಗ ನಮ್ಮ ಬಂಡಿ ಕಿರಗುಟ್ಟಿದ್ರ ಮಂದಿ ಏನಂದಾರು?"

ಪಕ್ಕದ ಹೊಲದವರ ಹಳೆಯ ಬಂಡಿಯನ್ನು ಬೇಡಿ ತಂದೆವು. ಆ ಹೊಲ ಹೆದ್ದಾರಿಗೆ ಹತ್ತಿರ. ಲಾರಿಯ ಹಾರನ್ ಒಂದು ನಮ್ಮ ಟೇಪಿಗೆ ಸೇರಿಕೊಂಡದ್ದು ಪ್ರಸಾರವಾಗುವವರೆಗೂ ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಜಗತ್ ಸರ್ಕಲ್‌ನಲ್ಲಿ ಪರಿಚಯದ ಔಷಧ ಅಂಗಡಿಯವರು, "ಮೇಡಂ, ಗಾತರ ಕಡೆ ಲಾರಿ ಸೈತ ಇದ್ವೇನ್ರೀ?" ಎಂದು ಕೇಳಿ ನಕ್ಕರು. ಹೆಡ್‌ಫೋನಿನಲ್ಲಿ ನಾವು ಕೇಳಬೇಕೆಂದುಕೊಂಡದ್ದೇ ಕೇಳಿಸುತ್ತದೆ. ಆದ್ದರಿಂದ ಎಡಿಟಿಂಗ್‌ನಲ್ಲಿ ಕೂರದ ಇನ್ನೊಬ್ಬರಿಗೆ ಒಮ್ಮೆ ಕೇಳಿಸಿ.

ಇಷ್ಟು ಹೇಳಿದ ಮೇಲೆ ರಹೀಮ್ ಚಾಚಾ ವಿಷಯಕ್ಕೆ ಬರುತ್ತೇನೆ. ಈ ಬರಹವನ್ನು ನಾನು ಬರೆಯುತ್ತಿರುವುದೇ ಅವರಿಗಾಗಿ.

ಜಗತ್ ಸರ್ಕಲ್‌ನಲ್ಲೇ ಅವರದು ಗಡಿಯಾರ ರಿಪೇರಿ ಅಂಗಡಿ. ನಾನು ಕೇಂದ್ರಕ್ಕೆ ಬರುವುದಕ್ಕೂ ಮೊದಲಿನಿಂದ ಅವರು ನಮ್ಮ ಹವ್ಯಾಸಿ ನಾಟಕ ಕಲಾವಿದರು. ಸಣ್ಣ ದೇಹ. ಆದರೆ ಮೈಕಿನ ಮುಂದೆ ನಿಂತರೆ ಗುಂಡಿಗೆಯೊಳಗಿಂದ ಬರುವ, ಬೆಚ್ಚಗಿನ, ಭಾರದ ದನಿ. ಎದುರು ಕಂಡವರು ಇಷ್ಟು ದೊಡ್ಡ ದನಿ ಈ ಮನುಷ್ಯನದೇ ಎಂದು ನಂಬುತ್ತಿರಲಿಲ್ಲ. ವಾಲೆನ್ಸ್ ಚಕ್ರವರ್ತಿಯ ಪಾತ್ರಕ್ಕೆ ನನ್ನ ಮನಸ್ಸಿನಲ್ಲಿ ಬೇರೆ ಹೆಸರೇ ಇರಲಿಲ್ಲ.

ರಾಯರಿಗೆ ಒಪ್ಪಿಗೆಯಾಗಲಿಲ್ಲ. ಚಾಚಾ ಮನೆಮಾತು ದಖನಿ ಉರ್ದು. ಕನ್ನಡ ಚೆನ್ನಾಗಿ ಓದುತ್ತಿದ್ದರು, ಆದರೆ ಭರದಲ್ಲಿ ಕೆಲವು ಸಲ ಳಕಾರ ಲಕಾರವಾಗುತ್ತಿತ್ತು.

"ಚಕ್ರವರ್ತಿ 'ಕೇಲಿ, ಕೇಲಿ' ಅಂತ ಅಪ್ಪಣೆ ಕೊಟ್ಟರೆ ಹೇಗಿರುತ್ತೆ ಹೇಳಿ" ಎಂದರು ರಾಯರು.

ಅಲ್ಲೇ ಕೂತಿದ್ದ ಶಿವಶರಣಪ್ಪ ಸರ್, "ಸರ್, ಆ ವಾಲೆನ್ಸ್ ಆಳ್ತಿದ್ದದ್ದು ಗ್ರೀಕ್ ಮಾತಾಡೋ ಮಂದೀನ. ಅವ್ನಿಗಿ ಗ್ರೀಕ್ ಸರಿಯಾಗಿ ಬರ್ತಿದ್ದಿಲ್ಲ. ದರ್ಬಾರದಾಗ ಹೊಗಳಿ ಮಾತಾಡಿದ್ರ ಅವ್ನಿಗಿ ತಿಳೀತಿದ್ದಿಲ್ಲ" ಎಂದರು.

ರಾಯರು ಅವರನ್ನೂ ನನ್ನನ್ನೂ ಒಮ್ಮೆ ನೋಡಿದರು. "ಇದು ನಿಜವೇ ಅಥವಾ ನೀವಿಬ್ಬರೂ ಕೂಡಿ ಬಂದಿದ್ದೀರಾ?"

"ಖರೇ ಅದ್ರೀ ಸರ್."

"ಹಾಗಿದ್ದರೆ ಮಾಡಿಸಿ. ಆದರೂ ಆ ಳಕಾರ ಸ್ವಲ್ಪ ನೋಡಿಕೊಳ್ಳಿ."

ಚಾಚಾ ಅದನ್ನು ಕೇಳಿ ನಕ್ಕು, ಅಂಗಡಿಯಲ್ಲಿ ಗಡಿಯಾರ ಬಿಚ್ಚುತ್ತ 'ಬಾಳೆ, ಬೇಳೆ, ಮಳೆ, ಹೊಳೆ' ಎಂದು ಗಟ್ಟಿಯಾಗಿ ಹೇಳಿಕೊಳ್ಳಲು ಶುರು ಮಾಡಿದರು. ಪಕ್ಕದ ಅಂಗಡಿಯವರು ಮುದುಕನಿಗೆ ಏನೋ ಆಗಿದೆ ಎಂದುಕೊಂಡರಂತೆ.

ಆರಂಭದ ಕಂತುಗಳಲ್ಲಿ ವಾಲೆನ್ಸನಿಗೆ ಹೆಚ್ಚು ಮಾತಿರಲಿಲ್ಲ. ಅಪ್ಪಣೆ ಕೊಡುವ ಒಂದೆರಡು ದೃಶ್ಯ ಅಷ್ಟೆ. ಆ ದೃಶ್ಯಗಳ ರೆಕಾರ್ಡಿಂಗ್ ಹೊತ್ತಿನಲ್ಲೇ ಚಾಚಾ ಗಂಟಲು ಒಡೆದಂತೆ ಕೇಳಿಸುತ್ತಿತ್ತು. ಜೇನು ತಿನ್ನಿ, ಬಿಸಿನೀರು ಕುಡಿಯಿರಿ ಎಂದೆವು. ಕುಡಿದರು. ಎರಡು ತಿಂಗಳಾದರೂ ಆ ಒಡಕು ಹೋಗಲಿಲ್ಲ. ಹೆಂಡತಿ ಜೈನಬ್ ಚಾಚಿ ಒತ್ತಾಯ ಮಾಡಿ ವೈದ್ಯರ ಹತ್ತಿರ ಕರೆದೊಯ್ದರು. ಅಲ್ಲಿಂದ ಹೈದರಾಬಾದಿಗೆ ಬರೆದುಕೊಟ್ಟರು. ಹೈದರಾಬಾದಿನಿಂದ ಬಂದ ದಿನ ಚಾಚಾ ಮನೆಗೂ ಹೋಗದೆ ನೇರ ಕೇಂದ್ರಕ್ಕೆ ಬಂದರು. ನನ್ನ ಎದುರಿನ ಕುರ್ಚಿಯಲ್ಲಿ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಮೇಡಂ, ಗಂಟಲದಾಗ ಗಂಟು ಅದ ಅಂದ್ರು. ಆಪರೇಶನ್ ಮಾಡಬೇಕಂತ. ಆವಾಜಿನ ಪೆಟಗೀನೇ ತೆಗಿತಾರಂತ."

ನಾನು ನೀರಿನ ಲೋಟವನ್ನು ಅವರ ಕಡೆ ಸರಿಸಿದೆ.

"ಜೀವಕ್ಕ ಫಿಕರ್ ಇಲ್ಲ ಅಂತ ಹೇಳ್ಯಾರ. ಆವಾಜ್ ಮಾತ್ರ ಹೋಗ್ತದ." ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡು, "ವಾಲೆನ್ಸ್‌ಂದು ಎಷ್ಟು ಬಾಕಿ ಅದ?" ಎಂದರು.

ಬಾಕಿ ಇದ್ದದ್ದೇ ಮುಖ್ಯ ಭಾಗ. ಅಡ್ರಿಯಾನೋಪಲ್ ಊರಿನ ಹೊರಗಿನ ಯುದ್ಧ, ವಾಲೆನ್ಸನ ಸಾವು. ಶಿವಶರಣಪ್ಪ ಸರ್ ಅದಕ್ಕೆ ಪುಟಗಟ್ಟಲೆ ಮಾತು ಬರೆದಿಟ್ಟಿದ್ದರು.

"ಅದು ಬಿಡ್ರಿ ಚಾಚಾ. ನಿಮ್ಮ ಪ್ರಕೃತಿ ಮೊದಲು."

"ಅರ್ಧಾ ಬಿಚ್ಚಿದ ಗಡಿಯಾರ ನಾ ಗಿರಾಕಿಗಿ ವಾಪಸ್ ಕೊಡೂದಿಲ್ರೀ. ತಾರೀಖ್ ಕೊಟ್ಟಿಲ್ಲ ಇನ್ನಾ. ಅಷ್ಟರಾಗ ಮುಗಸ್ರಿ."

ರಾಯರಿಗೆ ಹೇಳಿದೆ. ಅವರು ತಕ್ಷಣ, "ಬೇಡ. ಬೇರೆಯವರನ್ನು ಹಾಕಿ, ಹಿಂದಿನ ದೃಶ್ಯಗಳನ್ನೂ ಮತ್ತೆ ಮಾಡಿಸಿ" ಎಂದರು. ನನಗೆ ಸಿಟ್ಟು ಬಂತು. ಈ ಮನುಷ್ಯನಿಗೆ ಕಾರ್ಯಕ್ರಮದ್ದೇ ಚಿಂತೆ ಎಂದುಕೊಂಡೆ; ಮುಖದ ಮೇಲೂ ಅದು ಕಂಡಿರಬೇಕು. ಅವರು ಧ್ವನಿ ಇಳಿಸಿ ಹೇಳಿದರು: "ಸುವರ್ಣಾ ಅವರೇ, ನೋಯುವ ಗಂಟಲಿನಿಂದ ನಾವು ಮಾತಾಡಿಸಿ, ಅದರಿಂದ ಏನಾದರೂ ಹೆಚ್ಚುಕಡಿಮೆ ಆದರೆ? ಅವರು ಕೇಳಿದರು ಅಂತ ನಾವು ಮಾಡಿಸಿಬಿಡಬಹುದಾ? ವೈದ್ಯರು ಮಾತಾಡಬಹುದು ಅಂತ ಹೇಳಲಿ. ಆಮೇಲೆ ನನ್ನದೇನೂ ಅಡ್ಡಿ ಇಲ್ಲ."

ಅದನ್ನು ನಾನು ಕೇಳಬೇಕಾಗಿತ್ತು, ಅವರು ಕೇಳಿದರು. ಮರುದಿನ ಚಾಚಾ ಜೊತೆಗೆ ನಾನೇ ಇಲ್ಲಿಯ ವೈದ್ಯರ ಬಳಿ ಹೋದೆ. ಸ್ವಲ್ಪ ಮಾತಾಡಿದರೆ ಗಂಟಿಗೆ ಏನೂ ಆಗುವುದಿಲ್ಲ, ಆದರೆ ಕೂಗುವುದು ಬೇಡ, ದಣಿವಾದರೆ ನಿಲ್ಲಿಸಿ ಎಂದರು.

ಕೂಗಬಾರದು! ಯುದ್ಧಭೂಮಿಯ ಚಕ್ರವರ್ತಿ ಕೂಗದೆ ಇರುವುದು ಹೇಗೆ? ಶಿವಶರಣಪ್ಪ ಸರ್‌ಗೆ ವಿಷಯ ತಿಳಿಸಲು ನಾನು ಕಮಲಾಪುರಕ್ಕೆ ಹೋದೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದರು. ಕೇಳಿದ ಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಒಂದು ಸಾಲು ತೆಗೆಯಿರಿ ಎಂದರೆ ಹಟ ಹಿಡಿಯುತ್ತಿದ್ದ ಮನುಷ್ಯ ಅವರು. ಅಂದು ತಾವೇ ಸ್ಕ್ರಿಪ್ಟ್ ತರಿಸಿಕೊಂಡು ನನ್ನ ಎದುರೇ ಹೊಡೆದು ಹಾಕುತ್ತ ಹೋದರು.

ಯುದ್ಧದ ಹಿಂದಿನ ದಿನದ ಸಭೆಯಲ್ಲಿ ವಾಲೆನ್ಸನಿಗೆ ಒಂದೂವರೆ ಪುಟದ ಭಾಷಣವಿತ್ತು. ಪಶ್ಚಿಮ ಭಾಗದ ಚಕ್ರವರ್ತಿ, ಅವನ ಅಣ್ಣನ ಮಗ ಗ್ರೇಷಿಯನ್ ಸೈನ್ಯದೊಂದಿಗೆ ಬರುತ್ತಿದ್ದಾನೆ. ಅವನು ಬರುವವರೆಗೆ ಕಾಯೋಣ ಎಂದು ಒಬ್ಬ ಸೇನಾಪತಿ ಹೇಳುತ್ತಾನೆ. ವಾಲೆನ್ಸನಿಗೆ ಹುಡುಗನ ಮೇಲೆ ಹೊಟ್ಟೆಕಿಚ್ಚು. ಶಿವಶರಣಪ್ಪ ಸರ್ ಅಷ್ಟೂ ಭಾಷಣ ಹೊಡೆದು, ಕೆಳಗೆ ಎರಡೇ ವಾಕ್ಯ ಬರೆದರು: "ಗ್ರೇಷಿಯನ್ ಬರಲಿ ಎನ್ನುತ್ತೀರಿ. ಬಂದ ಮೇಲೆ ಗೆದ್ದರೆ, ಗೆದ್ದವನು ಯಾರು?"

"ಸಾಕಾ ಮೇಡಂ?"

"ಸಾಕ್ರೀ ಸರ್. ಇದು ಪಿಸುಮಾತಿನಾಗ ಹೇಳಿದ್ರ ಇನ್ನಾ ಚಲೋ."

ಅವರ ಬರವಣಿಗೆಯಲ್ಲೇ ಅತ್ಯುತ್ತಮ ದೃಶ್ಯ ಅದಾಯಿತು. ಅಲ್ಲಿಂದ ಮುಂದೆ ಅವರು ಉದ್ದ ಬರೆಯಲಿಲ್ಲ.

ಟೇಪಿನ ಕಾಲದಲ್ಲಿ ದೃಶ್ಯಗಳನ್ನು ಕ್ರಮ ತಪ್ಪಿಸಿ ಮಾಡಿದರೆ ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಜೋಡಿಸಬೇಕಿತ್ತು. ಸಂಗಮೇಶ ಅದಕ್ಕೆ ಹಿಂಜರಿಯಲಿಲ್ಲ. ಉಳಿದ ಪಾತ್ರಧಾರಿಗಳನ್ನು ಬೇರೆ ದಿನಕ್ಕೆ ಹಾಕಿ, ಚಾಚಾ ಮಾತುಗಳನ್ನಷ್ಟೇ ಮೊದಲು ಮುಗಿಸುವುದೆಂದು ತೀರ್ಮಾನಿಸಿದೆವು. ಎದುರಿನ ಮಾತುಗಳನ್ನು ನಾನೇ ಮೆಲ್ಲಗೆ ಓದಿ ಕೊಡುತ್ತಿದ್ದೆ.

ಕೊನೆಯ ದಿನ ಎರಡು ದೃಶ್ಯ ಉಳಿದಿದ್ದವು. ಒಂದು ಯುದ್ಧ ಶುರುವಾಗುವ ಮುಂಚಿನದು. ಸುಡುವ ಬಿಸಿಲು. ಬೆಳಗಿನಿಂದ ನಡೆದು ಬಂದ ರೋಮನ್ ಸೈನ್ಯಕ್ಕೆ ನೀರಿಲ್ಲ, ಊಟವಿಲ್ಲ. ಗಾತರ ನಾಯಕ ಫ್ರಿಟಿಗರ್ನ್ ಹುಲ್ಲಿಗೆ ಬೆಂಕಿ ಹಚ್ಚಿಸಿದ್ದಾನೆ, ಹೊಗೆ ಮುಖಕ್ಕೆ ಬರುತ್ತಿದೆ. ಸಂಧಾನ ಸಂಧಾನ ಎಂದು ದೂತರನ್ನು ಕಳಿಸುತ್ತ ತನ್ನ ಕುದುರೆ ಸೈನ್ಯ ಬರುವವರೆಗೆ ಹೊತ್ತು ಕಳೆಯುತ್ತಿದ್ದಾನೆ. ಅಂದು ಚಾಚಾ ದನಿ ಬಹಳ ಕೆಟ್ಟಿತ್ತು. ಮರಳಿನ ಮೇಲೆ ಕಾಲೆಳೆದಂತೆ ಬರುತ್ತಿತ್ತು. ದೃಶ್ಯಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಬಾಯಾರಿದ ಚಕ್ರವರ್ತಿಗೆ ಇದಕ್ಕಿಂತ ಸರಿಯಾದ ದನಿ ಸಿಗುವುದಿಲ್ಲ ಎಂದು ನನಗೆ ತೋಚಿತು. ತೋಚಿದ್ದಕ್ಕೆ ನಾಚಿಕೆಯೂ ಆಯಿತು. ಒಬ್ಬರ ರೋಗವನ್ನು ನಾಟಕಕ್ಕೆ ಬಳಸುವುದೆಂದರೇನು? ಮೈಕ್ ಬಂದ್ ಮಾಡಿಸಿ ಒಳಗೆ ಹೋಗಿ ಅವರನ್ನೇ ಕೇಳಿದೆ.

"ಚಾಚಾ, ಇವತ್ತಿನ ಆವಾಜ್ ಹಿಂಗೇ ಇಡ್ಲಾ? ಬ್ಯಾಡಂದ್ರ ಈ ದೃಶ್ಯ ತೆಗೆದು ಬೇರೆ ರೀತಿ ಮಾಡೋಣ. ನಿಮ್ಮ ಮನಸ್ಸಿಗಿ ಹ್ಯಾಂಗದ ಹಂಗ."

ಅವರು ಒಂದು ಗುಟುಕು ನೀರು ಕುಡಿದು, "ಮೇಡಂ, ನಾ ಇಷ್ಟು ವರ್ಷ ಚಲೋ ಆವಾಜಿನಾಗ ಕೆಟ್ಟ ಆವಾಜ್ ತಗದು ಮಾಡ್ತಿದ್ದೆ. ಇವತ್ತ ತಗಿಯೋ ಕೆಲಸ ಇಲ್ಲ. ಇಡ್ರಿ. ಆದ್ರ ಮಂದಿಗಿ 'ಪಾಪ' ಅನಿಸಬಾರದು. ರಾಜಾಗ ಬಾಯಾರಿಕಿ ಆಗ್ಯಾದ ಅನಿಸಬೇಕು, ಅಷ್ಟ" ಎಂದರು.

ಆ ದೃಶ್ಯ ಒಂದೇ ಸಲಕ್ಕೆ ಮುಗಿಯಿತು. ಎರಡನೆಯದು ಸಾವಿನದು. ವಾಲೆನ್ಸನ ದೇಹ ಕೊನೆಗೂ ಸಿಗಲಿಲ್ಲ. ಬಾಣ ತಗುಲಿ ಸಾಮಾನ್ಯ ಸೈನಿಕರ ನಡುವೆ ಬಿದ್ದ ಎಂದು ಒಂದು ಕಥೆ. ಗಾಯಗೊಂಡವನನ್ನು ಒಂದು ಹೊಲದ ಮನೆಯ ಮಾಳಿಗೆಗೆ ಹೊತ್ತು ಒಯ್ದಿದ್ದರು, ಒಳಗೆ ಯಾರಿದ್ದಾರೆಂದು ತಿಳಿಯದೆ ಗಾತರು ಮನೆಗೆ ಬೆಂಕಿಯಿಟ್ಟರು ಎಂದು ಇನ್ನೊಂದು. ಶಿವಶರಣಪ್ಪ ಸರ್ ಎರಡನೆಯದನ್ನು ಆರಿಸಿದ್ದರು. ಚಾಚಾಗೆ ಉಳಿದಿದ್ದ ಮಾತು ಒಂದೇ: "ಕೇಳಿ, ಹೊರಗೆ ಯಾರ ದನಿ? ನಮ್ಮವರದೋ?" ಅದನ್ನು ಹೇಳಿದರು. ಆಮೇಲೆ ಎಂದಿನಂತೆ ಸ್ಕ್ರಿಪ್ಟಿನ ಹಾಳೆಗಳನ್ನು ಜೋಡಿಸಿ, ಸದ್ದಾಗದಂತೆ ಸ್ಟ್ಯಾಂಡಿನ ಮೇಲಿಟ್ಟರು. ಗಾಜಿನ ಆಚೆ ರಾಯರು ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಚಾಚಾ ಹೊರಗೆ ಬಂದಾಗ ಅವರು ಬಾಗಿಲು ಹಿಡಿದುಕೊಂಡು, "ಳಕಾರ ಸರಿಯಾಗಿ ಬಂತು ಸಾಹೇಬರೇ" ಎಂದರು. ಚಾಚಾ ಜೋರಾಗಿ ನಕ್ಕರು. ಆ ನಗುವನ್ನೂ ರೆಕಾರ್ಡ್ ಮಾಡಿಕೊಳ್ಳಬೇಕಿತ್ತೆಂದು ಸಂಗಮೇಶ ಆಮೇಲೆ ಎಷ್ಟೋ ಸಲ ಹೇಳುತ್ತಿದ್ದ.

ಚಾಚಾ ಆಪರೇಶನ್‌ಗೆಂದು ಹೈದರಾಬಾದಿನಲ್ಲಿದ್ದಾಗ ನಾವು ಯುದ್ಧವನ್ನು ಮುಗಿಸಿದೆವು. ಮೊರದಲ್ಲಿದ್ದ ತೊಗರಿಬೇಳೆಯನ್ನು ತಗಡಿನ ಮೇಲೆ ಸುರಿದರೆ ಗುರಾಣಿಗಳ ಮೇಲೆ ಬಾಣಗಳ ಮಳೆ. ಅಡುಗೆಮನೆಯ ಸಟ್ಟುಗ, ಹಿತ್ತಾಳೆ ತಾಟುಗಳು ಕತ್ತಿ ಗುರಾಣಿ. ಬೆಂಕಿಗೆ ಕಮಲಾಪುರದ ಬಾಳೆ ತೋಟದಿಂದ ಒಣಗಿದ ಎಲೆಗಳನ್ನು ಚೀಲದಲ್ಲಿ ತುಂಬಿ ತಂದಿದ್ದೆವು. ಮೈಕಿನ ಹತ್ತಿರ ಹಿಡಿದು ಮೆಲ್ಲಗೆ ಹಿಸುಕಿದರೆ ಮಾಳಿಗೆಮನೆ ಉರಿಯುತ್ತಿತ್ತು. ಸಾವಿನ ದೃಶ್ಯಕ್ಕೆ ನಾನು ಸಾರಂಗಿ ಸೇರಿಸಿದ್ದೆ. ರಾಯರು ಕೇಳಿ, "ಸಾರಂಗಿ ತೆಗೆಯಿರಿ. ಆ ಮಾತು ಆದಮೇಲೆ ಬರೀ ಬೆಂಕಿ ಇರಲಿ" ಎಂದರು. ವಾದ ಮಾಡಿದೆ. ಅವರು ಬಿಡಲಿಲ್ಲ. ತೆಗೆದು ಕೇಳಿದಾಗ ಅವರು ಹೇಳಿದ್ದೇ ಸರಿ ಎಂದು ಗೊತ್ತಾಯಿತು. ಮೇಲಧಿಕಾರಿಗಳೆಲ್ಲ ನಮ್ಮ ಕೆಲಸ ಕೆಡಿಸಲಿಕ್ಕೇ ಇದ್ದಾರೆಂದು ನಿಮಗೆ ಈಗ ಅನಿಸುತ್ತಿರಬಹುದು. ನನಗೂ ಹಾಗೇ ಅನಿಸುತ್ತಿತ್ತು.

ಆ ಕಂತು ಪ್ರಸಾರವಾಗುವ ಹೊತ್ತಿಗೆ ಚಾಚಾ ಮನೆಗೆ ಮರಳಿದ್ದರು. ಕೊರಳಿಗೆ ಬಿಳಿ ಬಟ್ಟೆ. ಅದರ ಹಿಂದಿನ ರಂಧ್ರದಿಂದಲೇ ಉಸಿರಾಟ. ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಅಂದು ಮಧ್ಯಾಹ್ನ ನಾನು ಅವರ ಮನೆಗೆ ಹೋದೆ. ಬೇಡವೇನೋ ಎಂಬ ಅಳುಕಿತ್ತು. ಆದರೆ ಚಾಚಾ ಆಗಲೇ ರೇಡಿಯೊ ಒರೆಸಿ ಕಿಟಕಿಯಲ್ಲಿ ಇಟ್ಟುಕೊಂಡು ಕೂತಿದ್ದರು. ಜೈನಬ್ ಚಾಚಿ ಬಾಗಿಲ ಬಳಿ ನಿಂತರು. ಅವರಿಗೆ ಪುಸ್ತಕದ ಕನ್ನಡ ಅಷ್ಟಾಗಿ ತಿಳಿಯುತ್ತಿರಲಿಲ್ಲ.

ಸಭೆಯ ದೃಶ್ಯ ಬಂತು. "ಗೆದ್ದವನು ಯಾರು?" ಎಂಬ ಮಾತು ಕೋಣೆಯಲ್ಲಿ ಕೇಳಿದಾಗ ಚಾಚಿ ಒಂದು ಹೆಜ್ಜೆ ಒಳಗೆ ಬಂದರು.

"ಯೇ ತುಮಾರೀಚ್ ಆವಾಜ್ ನಾ ಜೀ?"

ಇದು ನಿಮ್ಮದೇ ದನಿ ಅಲ್ಲವೇ ಎಂಬ ಆ ಪ್ರಶ್ನೆಗೆ ಚಾಚಾ ಹೌದೆಂದು ತಲೆ ಆಡಿಸಿದರು. ಚಾಚಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೊನೆಯವರೆಗೆ ಕೇಳಿದರು. ನಾನು ಚಾಚಾ ಮುಖ ನೋಡಲಾರದೆ ಅವರ ಕೈಗಳನ್ನು ನೋಡುತ್ತಿದ್ದೆ. ಗಾತರ ಕುದುರೆ ಸೈನ್ಯ ಬೆಟ್ಟದಿಂದ ಇಳಿದು ಬರುವ ಸದ್ದು ಶುರುವಾದಾಗ ಆ ಬೆರಳುಗಳು ಚಹಾದ ತಟ್ಟೆಯ ಮೇಲೆ ತಾವಾಗಿಯೇ ಓಡತೊಡಗಿದವು. ಹಗುರಾಗಿ ಶುರುವಾಗಿ, ಹತ್ತಿರವಾಗುತ್ತ, ಭಾರವಾಗುತ್ತ. ರೇಡಿಯೊದಲ್ಲಿ ಕುದುರೆಗಳು ನಿಂತ ಮೇಲೂ ತಟ್ಟೆಯ ಮೇಲೆ ಒಂದು ಕುದುರೆ ಹಿಂದೆ ಉಳಿದು, ಕುಂಟುತ್ತ ಬಂದು ನಿಂತಿತು. ಚಾಚಾ ನನ್ನ ಕಡೆ ನೋಡಿ ಹುಬ್ಬು ಎತ್ತಿದರು, ಹೇಗಿದೆ ಎಂಬಂತೆ.

"ಚಾಚಾ, ಮುಂದಿನ ವಾರ ಸ್ಟೇಷನ್‌ಗೆ ಬರ್ರಿ" ಎಂದೆ.

ಅವರು ಕೊರಳಿನ ಬಟ್ಟೆ ತೋರಿಸಿದರು.

"ಅದಕ್ಕಲ್ರೀ. ನಿಮ್ಮ ಕೈಯ ಸದ್ದಿಗಿ."

ಬರುವುದೇನೋ ಬಂದರು. ಆದರೆ ನಮ್ಮ ಕಡತದಲ್ಲಿ ಅವರು ಧ್ವನಿ ಕಲಾವಿದರು. ಮಾತಾಡಲಾರದ ಧ್ವನಿ ಕಲಾವಿದರನ್ನು ಯಾವ ಹೆಸರಿನಲ್ಲಿ ಕರೆಸುವುದು ಎಂದು ಆಡಳಿತದವರು ಕೇಳಿದರು. ರಾಯರು ಅರ್ಧ ದಿನ ನಿಯಮ ಹುಡುಕಿ, ಸಿಗದೆ, ಕೊನೆಗೆ ತಮ್ಮದೇ ಜವಾಬ್ದಾರಿ ಎಂದು ಸಹಿ ಹಾಕಿದರು.

ಸರಣಿಯ ಕೊನೆಯ ಕಂತು ಅಲಾರಿಕ್‌ನದು. ಅಡ್ರಿಯಾನೋಪಲ್ ಆಗಿ ಮೂವತ್ತು ವರ್ಷಗಳ ಮೇಲೆ, ಅಂದು ನದಿ ದಾಟಿದವರ ಮುಂದಿನ ಪೀಳಿಗೆ ವಿಸಿಗಾತ್ ಎಂಬ ಹೆಸರಿನ ಜನಾಂಗವಾಗಿ ಬೆಳೆದು, ಅಲಾರಿಕ್‌ನ ಹಿಂದೆ ರೋಮ್ ನಗರವನ್ನೇ ಮುತ್ತಿತು. ಮೊದಲ ಮುತ್ತಿಗೆ ಬಿಡಲು ಚಿನ್ನ ಬೆಳ್ಳಿ ರೇಷ್ಮೆಯ ಜೊತೆ ಮೆಣಸನ್ನೂ ಕೇಳಿದ್ದ. ನಮ್ಮ ಕರಾವಳಿಯಿಂದ ಹಡಗಿನಲ್ಲಿ ಹೋಗುತ್ತಿದ್ದ ಕರಿಮೆಣಸು. ಇದನ್ನು ಕೇಳಿ ಹಾಸ್ಟೆಲ್ಲಿನ ಹುಡುಗಿಯರು ಎದ್ದು ಕೂತರು. ಕೊನೆಯ ಮುತ್ತಿಗೆಯಲ್ಲಿ, ಒಂದು ರಾತ್ರಿ, ಯಾರೋ ಒಳಗಿನಿಂದಲೇ ಕೋಟೆಯ ಬಾಗಿಲು ತೆಗೆದರು.

"ಯಾರ್ ತೆಗದ್ರು ಸರ್?" ಎಂದು ಶಿವಶರಣಪ್ಪ ಸರ್ ಅವರನ್ನು ಕೇಳಿದೆ.

"ಗೊತ್ತಿಲ್ರೀ. ಗುಲಾಮರು ಅಂತಾರ ಒಬ್ರು. ಹಸಿದ ಮಂದೀನ ನೋಡಲಾರ್ದೆ ಒಬ್ಬಾಕಿ ದೊಡ್ಡ ಮನೆತನದ ಹೆಣ್ಮಗಳು ತೆಗಿಸಿದ್ಳು ಅಂತಾರ ಇನ್ನೊಬ್ರು. ಅದಕ್ಕೇ ನಾ ಅಲ್ಲಿ ಯಾರ ಮಾತೂ ಬರದಿಲ್ಲ. ಬರೀ ಬಾಗಿಲ ತಗಿಯೋ ಸದ್ದು."

ರೆಕಾರ್ಡಿಂಗ್ ದಿನ ಚಾಚಾ ಆಟೋದಲ್ಲಿ ಬಂದಿಳಿದರು. ಅವರ ಅಂಗಡಿಗೆ ಆ ವಾರ ಹೊಸ ಶಟರ್ ಹಾಕಿಸಿದ್ದರಂತೆ. ತೆಗೆದ ಹಳೆಯ ಬಾಗಿಲಿನ ಒಂದು ಕದವನ್ನು, ಅದರ ಕಬ್ಬಿಣದ ಅಗಳಿ ಸಮೇತ ಆಟೋದಲ್ಲಿ ಅಡ್ಡ ಹಾಕಿಕೊಂಡು ತಂದಿದ್ದರು. ಸಂಗಮೇಶ ಮತ್ತು ನಾನು ಅದನ್ನು ಹೊತ್ತು ಸ್ಟುಡಿಯೊದ ಗೋಡೆಗೆ ಆನಿಸಿ ನಿಲ್ಲಿಸಿದೆವು. ರೆಕಾರ್ಡಿಂಗಿನ ಕೆಂಪು ದೀಪ ಹೊತ್ತಿತು. ದೀಪ ಹೊತ್ತಿದ ಮೇಲೆ ಒಳಗೆ ಯಾರೂ ಮಾತಾಡುವಂತಿಲ್ಲ. ಕೈಸನ್ನೆಯಲ್ಲೇ ಎಲ್ಲ. ಆ ಭಾಷೆಯಲ್ಲಿ ಚಾಚಾ ನಮಗಿಂತ ಈಗ ಚುರುಕಾಗಿದ್ದರು.

ಮೊದಲ ಸಲ ಅಗಳಿಯನ್ನು ಬೇಗ ಎಳೆದರು. ಅಂಗಡಿ ತೆಗೆದಂತಿತ್ತು. ನಾನು ಬೇಡವೆಂದು ಕೈ ಆಡಿಸಿದೆ. ಎರಡನೇ ಸಲ ಮೆಲ್ಲಗೆ ಎಳೆದರು. ಅದು ಕಳ್ಳ ತೆಗೆದಂತಾಯಿತು. ಅವರೇ ತಲೆ ಅಲ್ಲಾಡಿಸಿದರು. ಆಮೇಲೆ ಸ್ವಲ್ಪ ಹೊತ್ತು ಕದದ ಮೇಲೆ ಅಂಗೈ ಇಟ್ಟು ನಿಂತರು. ಸಂಗಮೇಶ ಟೇಪು ತಿರುಗಿಸುತ್ತಲೇ ಇದ್ದ.

ಮೂರನೇ ಸಲ ಅಗಳಿ ಕಿರ್ರೆಂದು ಅರ್ಧದವರೆಗೆ ಬಂತು. ಅಲ್ಲಿ ನಿಲ್ಲಿಸಿದರು. ಸ್ಟುಡಿಯೊ ನಿಶ್ಶಬ್ದ. ನನ್ನ ಹೆಡ್‌ಫೋನಿನಲ್ಲಿ ಅವರ ಕೊರಳಿನ ಉಸಿರು ಮಾತ್ರ ಸಣ್ಣಗೆ ಕೇಳುತ್ತಿತ್ತು. ಆ ಬಾಗಿಲಿನ ಹಿಂದೆ ಒಬ್ಬ ಮನುಷ್ಯ ನಿಂತಿದ್ದಾನೆ, ತೆಗೆಯಲೋ ಬಿಡಲೋ ಎಂದು ನಿಂತಿದ್ದಾನೆ ಎಂಬುದು ಅಲ್ಲಿದ್ದ ನಮಗೆಲ್ಲ ಗೊತ್ತಾಯಿತು. ಆಮೇಲೆ ಉಳಿದರ್ಧ ಒಂದೇ ಎಳೆತಕ್ಕೆ ಬಂತು. ನನ್ನ ಕಿವಿಯಲ್ಲಿ ರೋಮಿನ ಬಾಗಿಲು ತೆರೆಯಿತು.

ಸಂಗಮೇಶ ದೀಪ ಆರಿಸಿದ. ದೀಪ ಆರಿದ ಮೇಲೂ ಬಹಳ ಹೊತ್ತು ನಾವು ಯಾರೂ ಮಾತಾಡಲಿಲ್ಲ.